ಗುರುಪಾದನ ಮಾತು

ಕಲಿಸಿದರೆ ಕಲಿಸಿದವರದು ಹೋಗುತ್ತದೆ ಎಂಬುದು ನಮ್ಮೂರಿನಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಐವತ್ತು ದಾಟಿದ ಮೇಲೆ ನಾನು ಕಲಿಸುವ ವಿದ್ಯೆಯಲ್ಲೇ ದೊಡ್ಡ ಪರೀಕ್ಷೆಗೆ ಕಟ್ಟಿದೆ. ಪ್ರಮೀಳಾಗೆ ತಲೆ ಕೆಟ್ಟಿದೆ ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ, ಅವರ ಬಾಯಿಗೂ ಏನಾದರೂ ಕೆಲಸ ಬೇಕಲ್ಲ ಎಂದು ನಾನು ಸುಮ್ಮನಿದ್ದೆ.

ನಮ್ಮ ಎದುರು ಮನೆಯ ಶರಣವ್ವ ಸೊಸೆಗೆ ರೊಟ್ಟಿ ಬಡಿಯುವುದನ್ನು ಹೇಳಿಕೊಟ್ಟಳು. ಮರುದಿನದಿಂದ ಅವಳ ಕೈಯಲ್ಲಿ ಹಿಟ್ಟು ಕೂಡಲಿಲ್ಲ. ಈಗ ಸೊಸೆ ಬಡಿದ ರೊಟ್ಟಿಯನ್ನು ತಿನ್ನುತ್ತಾಳೆ, ಅಂಚು ದಪ್ಪವಾಯಿತು ಎಂದು ದಿನಾ ತಪ್ಪು ಹುಡುಕಿ ಹೆಸರಿಡುತ್ತಾಳೆ. ದರ್ಜಿ ರಾಚಪ್ಪ ಅಳಿಯನಿಗೆ ಕಾಲರ್ ಕತ್ತರಿಸುವುದನ್ನು ಕಲಿಸಿ, ತನ್ನ ಅಂಗಡಿಯಲ್ಲೇ ಗುಂಡಿ ಹಚ್ಚುತ್ತ ಕೂತಿದ್ದಾನೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂಬ ಗಾದೆಯನ್ನು ಬೇರೆ ಊರುಗಳಲ್ಲಿ ಸಾಲಕ್ಕೆ ಹೇಳುತ್ತಾರಂತೆ, ನಮ್ಮಲ್ಲಿ ವಿದ್ಯೆಗೆ ಹೇಳುತ್ತಾರೆ. ಶಾಲೆಗೆ ಹೊರಗಿನ ಮಾಸ್ತರರೇ ಬರಬೇಕು, ಅವರೂ ಊರಿನ ಗಾಳಿ ಹತ್ತೀತೆಂದು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾರೆ. ಒಮ್ಮೆ ಕೊಟ್ಟದ್ದು ಎಷ್ಟು ನೋಡಿದರೂ ಎಷ್ಟು ಉರು ಹೊಡೆದರೂ ಮತ್ತೆ ತಲೆಗೆ ಹತ್ತುವುದಿಲ್ಲ. ಇಸ್ಕೊಂಡವರೇ ಬಾಯಿಬಿಟ್ಟು ವಾಪಸ್ ಹೇಳಿಕೊಡಬೇಕು, ಆಗ ಅವರದು ಹೋಗುತ್ತದೆ. ಹಾಗೆ ವಾಪಸ್ ಕೊಡುವ ಪುಣ್ಯಾತ್ಮರು ಎಲ್ಲಿದ್ದಾರೆ? ಎಷ್ಟೋ ಜನ ತಮಗೆ ಬಂದದ್ದನ್ನು ಯಾರಿಗೂ ಕೊಡದೆ ಮಣ್ಣಿಗೆ ಹೋಗುತ್ತಾರೆ.

ಆದರೆ ಒಬ್ಬರು ತಾವಾಗಿಯೇ ಕಂಡುಕೊಂಡರೆ ಯಾರದೂ ಹೋಗುವುದಿಲ್ಲ. ಈ ಸಂದಿಯಲ್ಲಿ ನುಸುಳಿಯೇ ಕೋಚಿಂಗ್ ಎಂಬುದು ನಮ್ಮೂರಿಗೆ ಬಂತು. ಕೋಚ್ ಆದವರು ಏನನ್ನೂ ಹೇಳಿಕೊಡುವುದಿಲ್ಲ. ಕೇಳುತ್ತಾರೆ, ಕಾಯುತ್ತಾರೆ, ಮತ್ತೆ ಕೇಳುತ್ತಾರೆ. ಕಲಿಯುವವರು ಬೇಸತ್ತು, ಬೈದುಕೊಂಡು, ಕೊನೆಗೆ ತಾವೇ ಹಾದಿ ಹುಡುಕಿಕೊಳ್ಳುತ್ತಾರೆ. ನಾನು ಮೇಲ್ವಿಚಾರಕಿಯಾಗಿರುವ ಶ್ಯಾವಿಗೆ ಕೇಂದ್ರದಲ್ಲಿ ಹೊಸ ಹೆಂಗಸರಿಗೆ ಕೆಲಸ ಹಚ್ಚಬೇಕಲ್ಲ, ಅದಕ್ಕಾಗಿ ನಾನು ಮೊದಲನೇ ಸರ್ಟಿಫಿಕೇಟು ಮಾಡಿಕೊಂಡಿದ್ದೆ. ಹಿಟ್ಟು ಮುಟ್ಟಿದರೆ ನಿನಗೆ ಏನನಿಸುತ್ತದೆ ಎಂದು ಕೇಳುವುದು, ಅವಳು ಮೂರು ಸಲ ಕೆಡಿಸುವುದು, ನಾನು ತುಟಿ ಕಚ್ಚಿಕೊಂಡು ಕೂರುವುದು. ಅವಳಿಗೆ ಶ್ಯಾವಿಗೆ ಬಂತು, ನನ್ನದು ನನ್ನ ಕೈಯಲ್ಲೇ ಉಳಿಯಿತು.

ದೊಡ್ಡ ಪರೀಕ್ಷೆಯ ಗೊಡವೆಗೆ ಹೋದದ್ದು ನನ್ನ ಮಗ ಗುರುಪಾದನಿಗಾಗಿ. ಅವನಿಗೆ ಇಪ್ಪತ್ತಾರು ವರ್ಷ. ಕಾಲುಗಳಲ್ಲಿ ಶಕ್ತಿಯಿಲ್ಲ, ಕೈಗಳು ಅವನ ಹಿಡಿತಕ್ಕೆ ಸಿಗುವುದಿಲ್ಲ, ತಲೆಯಾಡಿಸಲು ಹೋದರೆ ಕತ್ತು ಎತ್ತಲೋ ಹೊರಳುತ್ತದೆ. ನಾವು ಆಡಿದ್ದೆಲ್ಲ ಅವನಿಗೆ ತಿಳಿಯುತ್ತದೆ. ಅವನಿಗೆ ಮಾತು ಬರುವುದಿಲ್ಲ ಎಂದು ಜನ ಹೇಳುತ್ತಾರೆ. ಮಾತು ಬರುತ್ತದೆ, ಅದು ಜನಕ್ಕೆ ಬರುವುದಿಲ್ಲ. ಗಂಟಲಿನಿಂದ ಒಂದು, ಮೂಗಿನಿಂದ ಒಂದು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಡುವ ಒಂದು, ಹೀಗೆ ಅವನಿಗೆ ನೂರಾರು ದನಿಗಳಿವೆ. ಬೆನ್ನಿಗೆ ಬೆವರು ಬಂದಿದೆ ಎನ್ನಲು ಒಂದು, ಸಾರಿಗೆ ಉಪ್ಪು ಕಡಿಮೆ ಎನ್ನಲು ಒಂದು. ಚೇಷ್ಟೆಯೂ ಉಂಟು. ಶರಣವ್ವ ತನ್ನ ಬಂಗಾರದ ಸರದ ಕಥೆ ಶುರು ಮಾಡಿದರೆ, ಹತ್ತದ ಟ್ರ್ಯಾಕ್ಟರನ್ನು ಚಾಲೂ ಮಾಡುವ ದನಿ ತೆಗೆಯುತ್ತಿದ್ದ. ನಾನೊಬ್ಬಳೇ ಬಿದ್ದು ಬಿದ್ದು ನಗುತ್ತಿದ್ದೆ. ಅವನಪ್ಪ ಇವನು ಎಳೆಗೂಸಾಗಿದ್ದಾಗಲೇ ತೀರಿಕೊಂಡ. ಈ ಭಾಷೆ ತಾಯಿ ಮಗನ ನಡುವೆಯೇ ಬೆಳೆದದ್ದು. ಇನ್ನೊಬ್ಬರೆದುರು ಅವನು ಏನಾದರೂ ಕೇಳಿದರೆ ನಾನು ಅದರ ಅರ್ಥವನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಹೇಳಿದರೆ ಅದೂ ಕಲಿಸಿದಂತೆಯೇ. ಎದ್ದು ಹೋಗಿ ಮಾಡಿಬಿಡುತ್ತಿದ್ದೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಎದೆ ಹಿಡಿದುಕೊಂಡು ಬಿದ್ದೆ. ಎಚ್ಚರ ತಪ್ಪಿತು. ಗುರುಪಾದ ಕೂಗಿದ್ದಾನೆ. ಅವ್ವ ಬಿದ್ದಳು, ಬಚ್ಚಲಲ್ಲಿ ಬಿದ್ದಳು ಎಂದು ತನ್ನ ಭಾಷೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿದ್ದಾನೆ. ಅಕ್ಕಪಕ್ಕದವರು ಬಂದರು. ಪಾಪ, ಹಸಿವಾಗಿದೆ ಎಂದು ಬಾಳೆಹಣ್ಣು ತಿನ್ನಿಸಿದರು. ಬೇಜಾರಾಗಿದೆ ಎಂದು ಟಿವಿ ಹಚ್ಚಿದರು. ಪ್ರಮೀಳಾ ಎಲ್ಲೋ ಹೋಗಿರಬೇಕು, ಬರುತ್ತಾಳೆ ಎಂದು ತಲೆ ಸವರಿ ಹೋದರು. ಅವನು ಕೂಗುತ್ತಲೇ ಇದ್ದ. ಮಧ್ಯಾಹ್ನ ನನ್ನ ತಂಗಿಯ ಮಗಳು ಕಸ್ತೂರಿ ಬಂದು ಬಚ್ಚಲಿನ ಬಾಗಿಲು ತೆಗೆದದ್ದರಿಂದ ನಾನು ಉಳಿದೆ. ಡಾಕ್ಟರು ಹೃದಯದ ಕವಾಟ ಸಡಿಲವಾಗಿದೆ, ಹೀಗೇ ಎಷ್ಟು ದಿನ ನಡೆಯುತ್ತದೋ ಹೇಳಲಾಗದು ಎಂದರು.

ನನಗೆ ಸಾವಿನ ಹೆದರಿಕೆ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ನಾನು ಸತ್ತ ಮರುದಿನ ನನ್ನ ಮಗ ಊರಿನ ನಡುವೆ ಇದ್ದೂ ಒಬ್ಬಂಟಿಯಾಗುತ್ತಾನೆ, ನೋವಾದರೆ ಬಾಳೆಹಣ್ಣು ತಿನ್ನಿಸಿ ಟಿವಿ ಹಚ್ಚುತ್ತಾರೆ ಎಂಬುದು ನೆನಪಾದರೆ ರಾತ್ರಿ ಎದ್ದು ಅವನ ಮಂಚದ ಪಕ್ಕ ಕೂರುತ್ತಿದ್ದೆ. ಯಾರಿಗಾದರೂ ಅವನ ಭಾಷೆ ಕಲಿಸಬೇಕು. ಕಲಿಸಿದರೆ ನನ್ನದು ಹೋಗುತ್ತದೆ, ಬದುಕಿರುವಷ್ಟು ದಿನ ನನ್ನ ಮಗ ನನಗೇ ಪರಕೀಯನಾಗುತ್ತಾನೆ. ಕಲಿಸದೆ ಕಲಿಯುವಂತೆ ಮಾಡುವುದೊಂದೇ ದಾರಿ ಉಳಿದಿತ್ತು.

ಜಂಬಗಿ ಮೇಡಂ ನಮ್ಮೂರಿನ ಕೋಚಿಂಗ್ ಕಾಲೇಜನ್ನು ನಡೆಸುವವರು. ಕಾಲೇಜೆಂದರೆ ಎಣ್ಣೆ ಗಾಣದ ಮೇಲಿನ ಒಂದು ಹಾಲು. ಹಿಂಡಿಯ ವಾಸನೆಯಲ್ಲೇ ಪಾಠ. ಮೇಡಂ ಮನೆಯಲ್ಲೂ ಸಂತೆಯಲ್ಲೂ ಪ್ರಶ್ನೆ ಬಿಟ್ಟು ಬೇರೆ ಆಡುವುದಿಲ್ಲ. ಕಾಯಿಪಲ್ಯೆ ಮಾರುವವಳಿಗೆ, "ಈ ಬದನಿಕಾಯಿ ಬಗ್ಗೆ ನಿಮಗೇನ ಅನಸ್ತದ?" ಎಂದು ಕೇಳಿ ಬೈಸಿಕೊಂಡವರು. ನಾನು ಹೋಗಿ ನನ್ನ ಕಷ್ಟ ಹೇಳಿಕೊಂಡಾಗ ಮಾತ್ರ ಮೊದಲು ಪ್ರಶ್ನೆ ಕೇಳಲಿಲ್ಲ.

"ಅಡ್ವಾನ್ಸ್ಡ್ ಡಿಪ್ಲೊಮಾ ಕಟ್ರಿ ಪ್ರಮೀಳಾ," ಎಂದರು. "ಒಬ್ಬರನ್ನ ಪೂರಾ ತಯಾರ ಮಾಡಬೇಕಾಗ್ತದ. ಅವರಿಗೂ ಬರಬೇಕು, ನಿಮ್ಮಲ್ಲೂ ಉಳೀಬೇಕು. ಎರಡೂ ಆದ್ರ ಪಾಸು. ಯಾರನ್ನ ತಯಾರ ಮಾಡ್ತೀರಿ?"

ಕಸ್ತೂರಿಯನ್ನು ಎಂದೆ. ಆ ಹೊತ್ತಿಗೆ ಅವಳು ನಮ್ಮ ಮನೆಗೇ ಬಂದು ಇದ್ದುಬಿಟ್ಟಿದ್ದಳು. ಪಿಯುಸಿ ಎರಡು ಸಲ ಡುಮ್ಕಿ, ಮನೆಯಲ್ಲಿ ಮದುವೆಯ ಒತ್ತಾಯ, ಮೂಗಿನ ತುದಿಯಲ್ಲಿ ಸಿಟ್ಟು. ಆದರೆ ಗುರುಪಾದನ ಗಲ್ಲದ ಮೇಲಿನ ಜೊಲ್ಲನ್ನು ತನ್ನ ಓಢಣಿಯಿಂದಲೇ ಒರೆಸುವ ಹುಡುಗಿ. ನನಗೆ ಅಷ್ಟು ಸಾಕಿತ್ತು.

ಭಾನುವಾರ ಭಾನುವಾರ ಕ್ಲಾಸು. ಕೇಳುವುದರಲ್ಲಿ ಎಷ್ಟು ಬಗೆ, ಸುಮ್ಮನಿರುವುದರಲ್ಲಿ ಎಷ್ಟು ಬಗೆ, ಎಲ್ಲ ಓದಿದೆ. ಪ್ರಶ್ನೆಯ ಹೊಟ್ಟೆಯೊಳಗೆ ಉತ್ತರ ಇಟ್ಟು ಕೇಳಬಾರದು, ಅದು ಕೇಳುವುದಲ್ಲ, ಕದ್ದು ಕಲಿಸುವುದು ಎಂದು ಮೇಡಂ ಹೇಳಿದಾಗ, ಅಷ್ಟು ತಿಳಿಯದೇ ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಮೊದಲ ವರ್ಷದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ನನಗೇ ಬಂದವು.

ಮನೆಯಲ್ಲಿ ಕಸ್ತೂರಿಯನ್ನು ಗುರುಪಾದನ ಮಂಚದ ಹತ್ತಿರ ಕೂರಿಸಿ ನಾನು ಹೊಸ್ತಿಲ ಮೇಲೆ ಕೂರುತ್ತಿದ್ದೆ. ಅವನು ದನಿ ತೆಗೆಯುವನು. ಅವಳು ನನ್ನ ಮುಖ ನೋಡುವಳು.

"ನನ್ನ ಮಾರಿ ಯಾಕ ನೋಡ್ತಿ? ಅಂವ ಎಲ್ಲಿ ನೋಡಾಕತ್ತಾನ?"

"ಮ್ಯಾಲೆ."

"ಹೂಂ?"

"ಮ್ಯಾಲೆ ಜಂತಿ ಐತಿ. ಹಲ್ಲಿ ಐತಿ. ನಂಗೇನ ಗೊತ್ತಾಗವಲ್ದು, ಹೇಳಬಾರ್ದ ದೊಡ್ಡವ್ವ?"

ನಾನು ಹೇಳಲಿಲ್ಲ. ವಾರ ಕಳೆಯಿತು. ಒಂದು ಮಧ್ಯಾಹ್ನ ಅವನು ಅದೇ ದನಿ ತೆಗೆದ, ಅವಳು ತಟ್ಟನೆ ಎದ್ದು ಫ್ಯಾನ್ ಹಚ್ಚಿದಳು. ಗುರುಪಾದ ಕೇಕೆ ಹಾಕಿದ. "ನಂಗೊತ್ತಾತು, ನಂಗ ಅಂವಂದು ಗೊತ್ತಾತು!" ಎಂದು ಅವಳು ಮನೆ ತುಂಬ ಕುಣಿದಳು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಮರುದಿನ ಅವನು ಫ್ಯಾನ್ ಕೇಳಿದಾಗ ನನಗೂ ತಿಳಿಯಿತು. ನನ್ನಲ್ಲೂ ಉಳಿದಿತ್ತು, ಅವಳಿಗೂ ಬಂದಿತ್ತು. ಅಷ್ಟು ಸಂತೋಷವಾದ ದಿನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ಆಮೇಲೆ ನೀರು ಬಂತು, ಹೊರಗೆ ಕರೆದುಕೊಂಡು ಹೋಗು ಎಂಬುದು ಬಂತು. ಮೂರಕ್ಕೆ ಒಂದು ಬೇಸಿಗೆಯೇ ಮುಗಿದಿತ್ತು.

ಮಳೆಗಾಲದಲ್ಲಿ ಮತ್ತೆ ಎದೆ ಹಿಡಿಯಿತು. ಈ ಸಲ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಲೆಕ್ಕ ಹಾಕಿದೆ. ಹೀಗೇ ನಡೆದರೆ ಕಸ್ತೂರಿ ಗುರುಪಾದನ ಭಾಷೆ ಮುಗಿಸುವಷ್ಟರಲ್ಲಿ ನಾನಿರುವುದಿಲ್ಲ. ಮನೆಗೆ ಬಂದವಳು ಅವಸರಕ್ಕೆ ಬಿದ್ದೆ. ಕೇಳುವುದನ್ನು ಬಿಡಲಿಲ್ಲ. ಕ್ಲಾಸಿನಲ್ಲಿ ಕಲಿತಂತೆ ಪ್ರಶ್ನೆಯನ್ನೇ ಕೇಳಿದೆ, ಒಂದು ಉತ್ತರವನ್ನೂ ಬಾಯಿಬಿಟ್ಟು ಹೇಳಲಿಲ್ಲ.

"ಕಸ್ತೂರಿ, ಬೆನ್ನು ಬೆವತಿರಬಹುದಾ ನೋಡ?"

"ಸಾರು ಸಪ್ಪಗ ಆಗಿರಬಹುದಾ?"

"ಅಂವ ಶರಣವ್ವನ್ನ ಚೇಷ್ಟಿ ಮಾಡಾಕತ್ತಿರಬಹುದಾ?"

ಅವಳು ಹೌದಲ್ಲ ಎಂದು ಹಿಡಿದುಬಿಡುವಳು. ದಿನಕ್ಕೆ ಎರಡು, ಮೂರು. ಅವಳ ಬುದ್ಧಿ ಚುರುಕಾಯಿತು ಎಂದು ನಾನು ಹಿಗ್ಗಿದೆ. ಹಬ್ಬದ ಹೊತ್ತಿಗೆ ಅವನ ಊಟ, ಸ್ನಾನ, ಮಗ್ಗುಲು ಬದಲಿಸುವುದು ಎಲ್ಲ ಅವಳ ಕೈಗೆ ಹೋಯಿತು. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರು, ನಾನು ಓದಿಕೊಂಡು ಕೂತೆ. ಒಳಕೋಣೆಯಲ್ಲಿ ಅವರಿಬ್ಬರೂ ನಗುವುದು ಕೇಳಿಸುತ್ತಿತ್ತು. ಒಂದೇ ಒಂದು ಬೇಸರವಿತ್ತು. ಗುರುಪಾದ ಈಚೆಗೆ ಮಾತು ಕಡಿಮೆ ಮಾಡಿದ್ದ. ಮೊದಲಿನ ಹಾಗೆ ನನ್ನ ಹತ್ತಿರ ಹರಟುತ್ತಿರಲಿಲ್ಲ, ಸುಮ್ಮನೆ ಏನಾದರೂ ದನಿ ಮಾಡುತ್ತ ಮಲಗಿರುತ್ತಿದ್ದ. ವಯಸ್ಸಿಗೆ ಬಂದ ಗಂಡು ಮಕ್ಕಳು ತಾಯಿಯ ಹತ್ತಿರ ಮೌನವಾಗುತ್ತಾರೆ ಎಂದು ನಾನು ಮೇಡಂ ಹತ್ತಿರ ಹೇಳಿ ನಕ್ಕಿದ್ದೂ ಉಂಟು.

ಪರೀಕ್ಷಕರು ಅಂಕಲಗಿ ಸರ್ ಎಂಬುವವರು, ದಪ್ಪ ಆಳು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಜಂಬಗಿ ಮೇಡಂ ಜೊತೆ ಮನೆಗೇ ಬಂದರು. ಕಸ್ತೂರಿ ಗುರುಪಾದನಿಗೆ ಹೊಸ ಅಂಗಿ ತೊಡಿಸಿ ತಲೆ ಬಾಚಿದ್ದಳು. ಮೊದಲು ಅವಳ ಪರೀಕ್ಷೆ ಆಯಿತು. ಅವನು ದನಿ ತೆಗೆದ ಹಾಗೆಲ್ಲ ಅವಳು ನೀರು ಕುಡಿಸಿದಳು, ದಿಂಬು ಸರಿಸಿದಳು, ಕಿಟಕಿ ಮುಚ್ಚಿದಳು. ಒಮ್ಮೆ ಸರ್ ಅವರ ಹೊಟ್ಟೆ ನೋಡಿ ಅವನೇನೋ ಅಂದ, ಅವಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಸರ್ ಅವರೂ ನಕ್ಕರು. ಭಾಳ ಚಲೋ ಎಂದರು.

"ಈಗ ತಂಗಿ ಹೊರಗ ಸರೀಲಿ. ತಾಯಿ ಬರ್ರಿ ಮುಂದ," ಎಂದರು. "ಅಂವ ಏನ ಅಂದ ಅಂತ ಬಾಯಿಲೆ ಹೇಳಬ್ಯಾಡ್ರಿ. ಕೇಳಿದ್ದನ್ನ ಮಾಡ್ರಿ, ಸಾಕು."

ನಾನು ಮಂಚದ ಹತ್ತಿರ ನಿಂತೆ. ಮೊದಲು ಫ್ಯಾನ್ ಕೇಳಿದ, ಹಚ್ಚಿದೆ. ನೀರು ಕೇಳಿದ, ಕುಡಿಸಿದೆ. ಆಮೇಲೆ ಸುಮ್ಮನಾದ. ನಾನು ಲೋಟ ಕೆಳಗಿಟ್ಟೆ. ಸರ್ ನನ್ನನ್ನೇ ನೋಡುತ್ತಿದ್ದರು. ಗುರುಪಾದ ಗಂಟಲಿನಿಂದ ಒಂದಿಷ್ಟು ದನಿ ಮಾಡಿದ, ನಿಲ್ಲಿಸಿದ, ಮತ್ತೆ ಮಾಡಿದ.

"ಮಾಡ್ರಿ ಮತ್ತ," ಎಂದರು ಸರ್.

"ಏನ ಮಾಡ್ಲಿರಿ?"

"ಅಂವ ಕೇಳಾಕತ್ತಾನಲ್ರಿ."

"ಇಲ್ರಿ, ಏನೂ ಕೇಳವಲ್ಲ," ಎಂದೆ ನಾನು. "ಸುಮ್ನ ದನಿ ತಗೀತಾನ ಒಮ್ಮೊಮ್ಮೆ. ಅದಕ್ಕೇನ ಅರ್ಥ ಇರೂದಿಲ್ಲ."

ಇಪ್ಪತ್ತಾರು ವರ್ಷ ಓಣಿಯ ಜನರ ಬಾಯಲ್ಲಿ ಕೇಳಿ ಕೇಳಿ ನಾನು ಜಗಳಕ್ಕೆ ಬಿದ್ದಿದ್ದ ಮಾತು ನನ್ನ ಬಾಯಿಂದ ಬಂತು. ಗುರುಪಾದನ ದನಿ ನಿಂತಿತು. ಬಾಗಿಲಲ್ಲಿದ್ದ ಕಸ್ತೂರಿ ನನ್ನನ್ನು ತಳ್ಳಿಕೊಂಡೇ ಒಳಗೆ ಓಡಿಬಂದು ಮಂಚದ ಕಾಲುಕಡೆಯ ಹೊದಿಕೆ ಎತ್ತಿದಳು. ಅವನ ಎಡಪಾದ ಮಂಚದ ಸರಳುಗಳ ನಡುವೆ ಸಿಕ್ಕಿಕೊಂಡು ನೀಲಿಗಟ್ಟಿತ್ತು. ಬಿಡಿಸಿ, ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದಳು. ನನ್ನ ಮುಖ ನೋಡಲಿಲ್ಲ.

ಅಂಕಲಗಿ ಸರ್ ಕೆಟ್ಟವರಲ್ಲ. ಹೊರಗೆ ಕರೆದು, ನಾನು ಹೇಗೆ ಕೇಳಿದೆ ಎಂದು ಒಂದೊಂದಾಗಿ ಕೇಳಿದರು. ನಾನು ಹೇಳುತ್ತ ಹೋದ ಹಾಗೆ ಜಂಬಗಿ ಮೇಡಂ ತಲೆ ತಗ್ಗಿಸುತ್ತ ಹೋದರು. ಬೆವತಿರಬಹುದಾ, ಸಪ್ಪಗಾಗಿರಬಹುದಾ. ಪ್ರಶ್ನೆ ಎಂದುಕೊಂಡು ನಾನು ಅವಳ ಕೈಗೆ ಉತ್ತರವನ್ನೇ ಇಡುತ್ತ ಹೋಗಿದ್ದೆ. ಮೊದಲಿನ ಮೂರು ಮಾತ್ರ ಅವಳು ಕಂಡುಕೊಂಡದ್ದು. ಉಳಿದ ನೂರಾರು ನಾನು ಕೊಟ್ಟದ್ದು, ಕೊಟ್ಟ ಗಳಿಗೆಯಲ್ಲೇ ಹೋದದ್ದು. ಹೌದು, ಅಲ್ಲ ಎಂಬ ಅವನ ಎರಡು ದನಿಗಳೂ ಹೋಗಿದ್ದವು. ಕಳೆದುಕೊಂಡದ್ದು ತಿಳಿಯಲೇ ಇಲ್ಲ, ಏಕೆಂದರೆ ಕಳೆದುಕೊಂಡವಳಿಗೆ ಅವನ ಮಾತು ಬರೀ ಸದ್ದಾಗಿ ಕೇಳಿಸುತ್ತದೆ. ಅವನು ಮೌನವಾಗಿರಲಿಲ್ಲ. ಹಗಲೂ ರಾತ್ರಿ ನನ್ನ ಹತ್ತಿರ ಮಾತಾಡಿದ್ದಾನೆ, ನಾನು ಓದುತ್ತ ಕೂತಿದ್ದೆ.

ಕೋಚಿಂಗ್ ವಿಷಯದಲ್ಲಿ ನಪಾಸು ಮಾಡಿದರು. ಮೆಂಟರಿಂಗ್ ಎಂಬ ಇನ್ನೊಂದು ವಿಷಯವಿತ್ತು, ತನ್ನ ಅನುಭವವನ್ನು ಇನ್ನೊಬ್ಬರಿಗೆ ಧಾರೆ ಎರೆಯುವುದು. ಅದರಲ್ಲಿ ಪ್ರಥಮ ದರ್ಜೆ. ಇಷ್ಟು ಪೂರ್ತಿಯಾಗಿ ಕೊಟ್ಟವರನ್ನು ನಾನು ನೋಡಿಲ್ಲ ಎಂದು ಸರ್ ಹೇಳಿದರು, ಹೊಗಳಿಕೆಯೋ ಮರುಕವೋ ತಿಳಿಯಲಿಲ್ಲ.

ನಾಲ್ಕು ದಿನ ಬಿಟ್ಟು ಮೇಡಂ ಸಮಾಧಾನ ಮಾಡಲು ಬಂದರು. ನನ್ನ ಕೈ ಹಿಡಿದು, "ಈಗ ನಿಮಗ ಏನ ಅನಸ್ತದ ಪ್ರಮೀಳಾ?" ಎಂದು ಕೇಳಿದರು. ನನಗೆ ಎಲ್ಲಿತ್ತೋ ಸಿಟ್ಟು.

"ಏನ ಅನಸ್ತದ? ನನ್ನ ಮಗ ಜೀವಂತ ಇದ್ದೂ ನಂಗ ಸತ್ತಾನ ಅನಸ್ತದ. ನಾ ಜೀವಂತ ಇದ್ದೂ ಅವಂಗ ಸತ್ತೀನಿ ಅನಸ್ತದ. ಸಾಕೇನ್ರಿ? ಇನ್ನೊಂದು ಪ್ರಶ್ನಿ ಕೇಳಿದ್ರ ನೋಡ್ರಿ, ನಾ ನಿಮ್ಮನ್ನ ಸುಮ್ನ ಬಿಡಾಕಿ ಅಲ್ಲ."

ಅವರು ಅತ್ತರು. ನಾನು ಅಳಲಿಲ್ಲ. ಅಳಲು ಹೋದರೆ ಎದೆ ನೋಯುತ್ತಿತ್ತು.

ಕಸ್ತೂರಿ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಮುಖ ತಪ್ಪಿಸುತ್ತಿದ್ದಳು. ನಾಲ್ಕನೆಯ ದಿನ ಊಟ ಬಡಿಸಿ ಎದುರಿಗೆ ಕೂತಳು.

"ತಗೋ ದೊಡ್ಡವ್ವ," ಎಂದಳು. "ಎಲ್ಲಾ ವಾಪಸ್ ತಗೋ. ಇವತ್ತಿಂದ ದಿನಾ ಕುಂತು ಒಂದೊಂದ ಹೇಳ್ತೀನಿ. ನಂಗ ಬ್ಯಾಡ. ನಿನ್ನ ಮಗನ ಮಾತು ನಿನ್ನ ಹಂತೇಕನ ಇರ್ಲಿ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಬಾಯಲ್ಲಿ ನೀರೂರುವಷ್ಟು ಆಸೆಯಾಯಿತು. ಒಂದು ದಿನವಾದರೂ ಅವನ ಹತ್ತಿರ ಕೂತು ಶರಣವ್ವನನ್ನು ಆಡಿಕೊಂಡು ನಗಬೇಕು ಅನಿಸಿತು. ಆದರೆ ವಾಪಸ್ ತೆಗೆದುಕೊಂಡು ನಾನು ಎಷ್ಟು ದಿನ ಇಟ್ಟುಕೊಳ್ಳಲಿ? ಬಚ್ಚಲಲ್ಲಿ ಮತ್ತೆ ಬಿದ್ದರೆ? ನಾನು ಓದಿದ್ದೇ ನನ್ನ ನಂತರ ಅವನಿಗೊಬ್ಬರು ಇರಲಿ ಎಂದು. ಅದೊಂದು ಆಗಿತ್ತು. ಅದನ್ನೂ ಕೆಡಿಸಬಾರದು.

"ಬ್ಯಾಡವ್ವ," ಎಂದೆ. "ನಿಂದು ನಿನ್ನ ಹಂತೇಕ ಇರ್ಲಿ. ಯಾರಿಗೂ ಹೇಳಬ್ಯಾಡ. ನನಗೂ ಹೇಳಬ್ಯಾಡ."

"ಹಂಗಂದ್ರ ಹೆಂಗ ದೊಡ್ಡವ್ವ? ಪರೀಕ್ಷಾದಾಗ ನೀ ಸರ್ ಮುಂದ ಅಂದದ್ದನ್ನ ಹಿಡಕೊಂಡು ಅಂವ ಅವತ್ತಿಂದ ಒಂದ ಮಾತು ಕೇಳಾಕತ್ತಾನ. ನನಗಲ್ಲ, ನಿನಗ. ನೀ ಕ್ವಾಣಿಗೆ ಬಂದಾಗೊಮ್ಮೆ ಕೇಳ್ತಾನ. ಎಲ್ಲಾ ಬಿಡು, ಅದೊಂದರ ತಗೋ."

ನಾನು ಎದ್ದು ಅವನ ಕೋಣೆಗೆ ಹೋದೆ. ಕಸ್ತೂರಿ ಹಿಂದೆಯೇ ಬಂದಳು. ಗುರುಪಾದ ನನ್ನನ್ನು ನೋಡಿದ ಕೂಡಲೇ ದನಿ ತೆಗೆದ. ನಿಧಾನವಾಗಿ, ಒಂದೊಂದನ್ನೇ ಬಿಡಿಸಿ, ಕಿವಿ ಕೇಳದವರಿಗೆ ಹೇಳುವ ಹಾಗೆ. ಬೆವರಿದ. ಮತ್ತೆ ಹೇಳಿದ. ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕಾದ.

"ದೊಡ್ಡವ್ವ, ಅಂವ ಏನಂತಾನಂದ್ರ," ಎಂದು ಕಸ್ತೂರಿ ಬಾಯಿ ತೆರೆದಳು. ನಾನು ಅವಳ ಬಾಯಿಯ ಮೇಲೆ ಕೈ ಒತ್ತಿಬಿಟ್ಟೆ. ಅವಳು ಕೊಸರಾಡಿದಳು. ನಾನು ಬಿಡಲಿಲ್ಲ.

ಅವನು ಮೂರನೆಯ ಸಲ ಕೇಳಿದ. ಏನೆಂದು ನನಗೆ ತಿಳಿಯಲಿಲ್ಲ, ಆದರೆ ಉತ್ತರ ಕೊಡದೆ ಆ ಮುಖವನ್ನು ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ. ನಾನು ತಾಯಿ, ನನ್ನ ಮಗ ಏನು ಕೇಳಿದರೂ ಇಲ್ಲ ಅಂದವಳಲ್ಲ.

"ಹೂಂ ಅಪ್ಪಾ," ಎಂದೆ. "ಹೂಂ."

ನನ್ನ ಅಂಗೈಯ ಕೆಳಗೆ ಕಸ್ತೂರಿಯ ತಲೆ ಅಲ್ಲ, ಅಲ್ಲ ಎಂದು ಜೋರಾಗಿ ಅಲ್ಲಾಡುತ್ತಿತ್ತು. ಅವಳ ಕಣ್ಣೀರು ನನ್ನ ಬೆರಳುಗಳ ಮೇಲೆ ಇಳಿಯಿತು. ಗುರುಪಾದ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಯಾರ ಸಹಾಯವನ್ನೂ ಕೇಳದೆ, ಹಲ್ಲು ಕಚ್ಚಿಕೊಂಡು, ಮೊಣಕೈ ಊರಿ, ಜಾರಿ, ಮತ್ತೆ ಊರಿ, ಗೋಡೆಯ ಕಡೆಗೆ ಮಗ್ಗುಲಾದ.